ನೀರು, ಚರಂಡಿ, ರಸ್ತೆ: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ಊರುಗಳು ಗುಡ್ಡೆ ಮತ್ತು ಬೈಲುಗಳ (ಗುಡ್ಡೆಗಳ ನಡುವಿನ ತಗ್ಗು ಗದ್ದೆಗಳ) ಮೇಲೆ ಬೆಳೆದವು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಬೀಳುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹಾಗಾಗಿ ಇಲ್ಲಿ ರಸ್ತೆಯ ದೂರು, ಕಸದ ದೂರು, ಬಾವಿಯ ದೂರು ಎಲ್ಲವೂ ಸುತ್ತಿ ಬಳಸಿ ನೀರಿಗೇ ಬಂದು ನಿಲ್ಲುತ್ತವೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕಿತ್ತು, ಮಧ್ಯದಲ್ಲಿರುವ ಮೋರಿ ಯಾರದ್ದು ಎಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ತುಂಬೆಯಲ್ಲಿ ನೀರು ಭರ್ತಿ ಅಂತ ಪೇಪರಿನಲ್ಲಿ ಬರುತ್ತದೆ, ನಮ್ಮ ನಲ್ಲಿಯಲ್ಲಿ ಬರುವುದು ಗಾಳಿ ಮಾತ್ರ. ಯಾಕೆ?

ಅಣೆಕಟ್ಟಿನ ಮಟ್ಟ ಬೇರೆ, ಪೈಪಿನ ಒತ್ತಡ ಬೇರೆ. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಹೊಸ ಕಿಂಡಿ ಅಣೆಕಟ್ಟಿನಲ್ಲಿ 6 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ನಗರಕ್ಕೆ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ಎತ್ತುತ್ತಾರೆ. ಅದು ಬೆಂದೂರ್‌ವೆಲ್, ಪಣಂಬೂರು ಕಡೆಯ ಸ್ಥಾವರಗಳಿಗೆ ಬಂದು, ಅಲ್ಲಿಂದ ಎತ್ತರದ ಟ್ಯಾಂಕ್‌ಗಳಿಗೆ ಏರಿ, ಆಮೇಲೆ ನಿಮ್ಮ ಬೀದಿಗೆ ಇಳಿಯಬೇಕು. ತುಂಬೆಯಲ್ಲಿ ಎರಡು ಗಂಟೆ ಕರೆಂಟ್ ಹೋದರೂ ದೊಡ್ಡ ಪೈಪು ಖಾಲಿಯಾಗಿ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಪಂಪು ಪುನಃ ಚಾಲೂ ಆದ ಮೇಲೆ ತಗ್ಗಿನ ಮನೆಗಳಿಗೆ ಮೊದಲು ನೀರು ಸಿಗುತ್ತದೆ, ಗುಡ್ಡೆಯ ಮೇಲಿನವರಿಗೂ ಲೈನಿನ ತುದಿಯವರಿಗೂ ಕೊನೆಗೆ. ಎರಡು ಗಂಟೆಯ ಕಡಿತಕ್ಕೆ ತುದಿಯ ಮನೆಯವರು ಒಂದೂವರೆ ದಿನ ಕಾಯುವುದು ಹೀಗೆ.

ಆದ್ದರಿಂದ ‘ನೀರು ಬರುತ್ತಿಲ್ಲ’ ಎಂದಷ್ಟೇ ದೂರು ಕೊಡಬೇಡಿ. ಕೊನೆಯ ಬಾರಿ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಬಂತು, ಕೆಳಗಿನ ಮನೆಗೆ ಬರುತ್ತದೆಯೇ ಎಂಬ ನಾಲ್ಕು ವಿಷಯ ಹೇಳಿ. ಕೆಳಗಿನವರಿಗೆ ಚೆನ್ನಾಗಿ ಬಂದು ನಿಮಗೆ ಇಲ್ಲದಿದ್ದರೆ ಅದು ವಾಲ್ವ್ ಅಥವಾ ಒತ್ತಡದ ಸಮಸ್ಯೆ. ಇಡೀ ಬೀದಿಗೆ ಇಲ್ಲದಿದ್ದರೆ ಪೈಪು ಒಡೆದಿರಬಹುದು. ನೀರು ಬಿಡುವವರಿಗೆ ಈ ವ್ಯತ್ಯಾಸ ತಿಳಿದರೆ ನೇರ ಅಲ್ಲಿಗೇ ಹೋಗುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ನದಿಯ ಒಳಹರಿವೇ ನಿಂತಾಗ ಮಾತ್ರ ಕತೆ ಬೇರೆ. 2019 ಮತ್ತು 2023ರಲ್ಲಿ ಸರದಿಯಂತೆ ನೀರು ಬಿಟ್ಟದ್ದು ಆ ಕಾರಣಕ್ಕೆ. ಉಡುಪಿಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನದ್ದೂ ಇದೇ ಹಾಡು.

ನೀರಿನ ಲೈನಿಗೆ ನೇರ ಮೋಟಾರ್ ಹಾಕಿದರೆ ತಪ್ಪೇನು?

ಕಾನೂನಿಗೆ ವಿರುದ್ಧ, ಅದು ಒಂದು ಕಡೆ ಇರಲಿ. ಮೋಟಾರ್ ಎಳೆಯುವಾಗ ಪೈಪಿನೊಳಗೆ ಒತ್ತಡ ಹೊರಗಿನದ್ದಕ್ಕಿಂತ ಕಡಿಮೆಯಾಗುತ್ತದೆ. ಆಗ ಎಲ್ಲಾದರೂ ಸಡಿಲ ಜೋಡಣೆ ಇದ್ದರೆ ಪಕ್ಕದ ಚರಂಡಿಯ ನೀರು ಒಳಗೆ ಬರುತ್ತದೆ. ನೀವೂ ಅದನ್ನೇ ಕುಡಿಯುತ್ತೀರಿ. ನೆಲಮಟ್ಟದ ಸಂಪ್‌ಗೆ ನೀರು ತಾನಾಗಿ ಬಿದ್ದು, ಅಲ್ಲಿಂದ ಮೋಟಾರ್ ಎತ್ತುವುದು ಸರಿಯಾದ ಕ್ರಮ. ದಿನ ಬಿಟ್ಟು ದಿನ ನೀರು ಬರುವ ಕಡೆ ಮೊದಲ ಐದು ನಿಮಿಷದ ನೀರನ್ನು ಗಿಡಕ್ಕೆ ಬಿಡಿ.

ನಗರದ ಕುಡಿಯುವ ನೀರಿನ ಜಲಸಿರಿ ಯೋಜನೆ ದಿನದ 24 ಗಂಟೆಯೂ ಪೈಪಿನಲ್ಲಿ ಒತ್ತಡ ಇಡಬೇಕು ಎನ್ನುವುದರ ಹಿಂದಿನ ತರ್ಕವೂ ಇದೇ. ಜನ ಅದನ್ನು ‘ಬೇಕಾದಷ್ಟು ನೀರು’ ಎಂದು ತಿಳಿದುಕೊಂಡಿದ್ದಾರೆ. ನಿಜವಾದ ಲಾಭ ಶುಚಿತ್ವದ್ದು: ತುಂಬಿದ ಪೈಪಿನಿಂದ ನೀರು ಹೊರಗೆ ಸೋರಬಹುದು, ಹೊರಗಿನ ಕೊಳೆ ಒಳಗೆ ಬರಲಾರದು.

ಜೋರು ಮಳೆ ಬಂದ ಕೂಡಲೇ ಮ್ಯಾನ್‌ಹೋಲ್ ಉಕ್ಕುತ್ತದೆ. ಪೈಪು ಸಣ್ಣದಾಯಿತೇ?

ಹೆಚ್ಚಿನ ಕಡೆ ಪೈಪಿನ ತಪ್ಪಲ್ಲ, ನಮ್ಮ ತಾರಸಿಗಳ ತಪ್ಪು. ಲೆಕ್ಕ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಪಾಲು ಚರಂಡಿಗೆ ಎಂದು ಹಿಡಿದರೆ ಐವರ ಮನೆಯಿಂದ ಒಳಚರಂಡಿಗೆ ಹೋಗುವುದು ದಿನಕ್ಕೆ 540 ಲೀಟರ್. ಅದೇ ಮನೆಯ 1,000 ಚದರ ಅಡಿ ತಾರಸಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಇಳಿಯುವ ನೀರು 9,300 ಲೀಟರ್. ಅಂದರೆ ಹದಿನೇಳು ದಿನದ ಕೊಳಚೆಯಷ್ಟು ನೀರು ಒಂದೇ ದಿನ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಇಲ್ಲಿ 100 ಮಿ.ಮೀ. ಬೀಳುವುದು ಯಾರೂ ಬೆರಗಾಗುವ ಸಂಗತಿಯಲ್ಲ. ಬೀದಿಯಲ್ಲಿ ಹತ್ತು ಮನೆಯವರು ತಾರಸಿಯ ಪೈಪನ್ನೋ ಅಂಗಳದ ನೀರನ್ನೋ ಒಳಚರಂಡಿ ಚೇಂಬರ್‌ಗೆ ತಿರುಗಿಸಿದರೆ ತಗ್ಗಿನ ಮ್ಯಾನ್‌ಹೋಲ್ ಉಕ್ಕಲೇಬೇಕು. ಉಕ್ಕಿದ ನೀರು ಪಕ್ಕದ ಬಾವಿಗೆ ಇಳಿಯುತ್ತದೆ.

ಎರಡನೆಯ ಕಾರಣ ಕರೆಂಟ್. ಕೊಳಚೆ ಇಳಿಜಾರಿನಲ್ಲಿ ತಾನೇ ಹರಿದು ವೆಟ್‌ವೆಲ್‌ಗೆ, ಅಂದರೆ ಕೊಳಚೆ ಸಂಗ್ರಹವಾಗುವ ಬಾವಿಗೆ, ಬರುತ್ತದೆ, ಅಲ್ಲಿಂದ ಕಾವೂರು, ಬಜಾಲ್, ಸುರತ್ಕಲ್ ಅಥವಾ ಪಚ್ಚನಾಡಿಯ ಶುದ್ಧೀಕರಣ ಘಟಕಕ್ಕೆ ಪಂಪು ಎತ್ತಬೇಕು. ವೆಟ್‌ವೆಲ್‌ನಲ್ಲಿ ಕರೆಂಟ್ ಹೋಗಿ ಜನರೇಟರ್ ಚಾಲೂ ಆಗದಿದ್ದರೆ ಹಿಂದಿನ ಲೈನೆಲ್ಲ ತುಂಬಿಕೊಳ್ಳುತ್ತದೆ. ಮಳೆ ಇಲ್ಲದ ದಿನವೂ ಮ್ಯಾನ್‌ಹೋಲ್ ಉಕ್ಕಿದರೆ ಇದನ್ನು ಅಥವಾ ಲೈನಿನ ಕಟ್ಟಿಕೊಳ್ಳುವಿಕೆಯನ್ನು ಸಂಶಯಿಸಿ. ಹೋಟೆಲುಗಳಿರುವ ಬೀದಿಯಲ್ಲಾದರೆ ಎಣ್ಣೆ ಜಿಡ್ಡು ಗಟ್ಟಿಯಾಗಿ ಪೈಪಿನ ಅರ್ಧ ಬಾಯಿ ಮುಚ್ಚಿರುತ್ತದೆ. ಜಿಡ್ಡು ತಡೆಯುವ ಚೇಂಬರ್ ಇದೆಯೇ, ವಾರಕ್ಕೊಮ್ಮೆ ಬಳಿಯುತ್ತಾರೆಯೇ ಎಂದು ಕೇಳಬೇಕಾದ್ದು ಆ ಹೋಟೆಲಿನವರನ್ನು.

ಏನೇ ಆದರೂ ಮ್ಯಾನ್‌ಹೋಲ್‌ಗೆ ಮನುಷ್ಯನನ್ನು ಇಳಿಸಬೇಡಿ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಂತೆ ಅದು ಅಪರಾಧ. ಒಳಗಿನ ವಿಷಾನಿಲಕ್ಕೆ ಒಂದೆರಡು ಉಸಿರು ಸಾಕು.

ಮನೆಗೆ ಒಳಚರಂಡಿ ಸಂಪರ್ಕ ತೆಗೆದುಕೊಳ್ಳುವಾಗ ಪ್ಲಂಬರ್ ಹೇಳಿದ್ದನ್ನೇ ನಂಬಬೇಕೇ?

ಇಳಿಜಾರನ್ನಾದರೂ ನೀವೇ ಅಳೆಯಿರಿ. 4 ಇಂಚಿನ ಪೈಪಿಗೆ ಸುಮಾರು 57 ಅಡಿಗೆ ಒಂದು ಅಡಿ, 6 ಇಂಚಿನದ್ದಕ್ಕೆ 100 ಅಡಿಗೆ ಒಂದು ಅಡಿ ಇಳಿತ ಬೇಕು. ಕಡಿಮೆಯಾದರೆ ಗಟ್ಟಿ ವಸ್ತು ಕೂರುತ್ತದೆ. ತೀರಾ ಕಡಿದಾದರೆ ನೀರು ಮುಂದೆ ಓಡಿ ಗಟ್ಟಿ ವಸ್ತು ಹಿಂದೆ ಉಳಿಯುತ್ತದೆ. ನಮ್ಮ ಗುಡ್ಡೆ ಮನೆಗಳಲ್ಲಿ ಈ ಎರಡನೆಯ ತಪ್ಪೇ ಜಾಸ್ತಿ. ಅಲ್ಲಿ ಪೈಪನ್ನು ಇಳಿಜಾರಿನ ಜೊತೆ ಓಡಿಸದೆ, ಚೇಂಬರ್‌ನಲ್ಲಿ ಮೆಟ್ಟಿಲಿನಂತೆ ಒಮ್ಮೆಲೇ ಇಳಿಸಿ ಪುನಃ ಮಂದ ಇಳಿತದಲ್ಲಿ ಒಯ್ಯಬೇಕು.

ದಿಕ್ಕು ಬದಲಾಗುವ ಪ್ರತಿ ಜಾಗದಲ್ಲಿ ಚೇಂಬರ್, ಬಚ್ಚಲು ಮತ್ತು ಅಡುಗೆಮನೆಯ ನೀರು ಸೇರುವಲ್ಲಿ ವಾಸನೆ ಹಿಂದಕ್ಕೆ ಬರದಂತೆ ತಡೆಯುವ ಗಲ್ಲಿ ಟ್ರಾಪ್. ಕುಡಿಯುವ ನೀರಿನ ಪೈಪು ಕೊಳಚೆ ಪೈಪಿನಿಂದ 3 ಮೀಟರ್ ದೂರವಿರಬೇಕು. ಓಣಿಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಅದಕ್ಕಿಂತ ಕನಿಷ್ಠ ಅರ್ಧ ಮೀಟರ್ ಮೇಲಾದರೂ ಇರಲಿ. ರಸ್ತೆ ಅಗೆಯಲು ಅನುಮತಿ ಮತ್ತು ಶುಲ್ಕ ಪಾಲಿಕೆಗೆ ಪ್ರತ್ಯೇಕ. ರಶೀದಿ ತೆಗೆದಿಡಿ, ಮುಂದೆ ಗುಂಡಿ ಕುಸಿದರೆ ‘ಮುಚ್ಚಲು ದುಡ್ಡು ಕಟ್ಟಿದ್ದೇವೆ’ ಎನ್ನಲು ಅದೊಂದೇ ಆಧಾರ.

ನಮ್ಮ ಕಡೆ ಒಳಚರಂಡಿ ಬಂದೇ ಇಲ್ಲ. ಸೆಪ್ಟಿಕ್ ಟ್ಯಾಂಕ್ ಎಷ್ಟು ದೊಡ್ಡದು ಬೇಕು?

ಐವರ ಮನೆಗೆ ಉದ್ದ ಒಂದೂವರೆ ಮೀಟರ್, ಅಗಲ ಮುಕ್ಕಾಲು ಮೀಟರ್, ನೀರಿನ ಆಳ ಸುಮಾರು 1 ಮೀಟರ್. ಅದರ ಮೇಲೆ ಗಾಳಿಗೆ ಒಂದಡಿ ಜಾಗ. ಇಷ್ಟಿದ್ದರೆ ಸಾಕು, ಎರಡು ವರ್ಷಕ್ಕೊಮ್ಮೆ ಹೀರುವ ಲಾರಿ ಕರೆಸಬೇಕು. ‘ಇಪ್ಪತ್ತು ವರ್ಷವಾಯಿತು, ಒಮ್ಮೆಯೂ ತುಂಬಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅದು ಟ್ಯಾಂಕ್ ಅಲ್ಲ, ತಳ ಕಟ್ಟದ ಗುಂಡಿ. ನಮ್ಮ ಕೆಂಪು ಮುರಕಲ್ಲಿನ (ಲ್ಯಾಟರೈಟ್) ಸೀಳುಗಳಲ್ಲಿ ಎಲ್ಲವೂ ಇಳಿದು ಯಾರದ್ದೋ ಬಾವಿ ಸೇರುತ್ತಿದೆ.

ಟ್ಯಾಂಕಿನಿಂದ ಹೊರಬರುವ ನೀರು ಇಂಗುವ ಗುಂಡಿಗೂ (ಇಂಗುಗುಂಡಿ) ಬಾವಿಗೂ 15 ಮೀಟರ್ ಅಂತರ ಕನಿಷ್ಠ. ಮುರಕಲ್ಲಿನಲ್ಲಿ ಅದಕ್ಕೂ ಹೆಚ್ಚಿದ್ದರೆ ಒಳ್ಳೆಯದು, ಮತ್ತು ಬಾವಿ ಇಳಿಜಾರಿನ ಮೇಲ್ಗಡೆ ಇರಬೇಕು. 5 ಸೆಂಟ್ಸ್ ಜಾಗದಲ್ಲಿ ಇದು ಕೂಡಿಬರುವುದಿಲ್ಲ, ಪಕ್ಕದ ಮನೆಯ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಮಲ್ಪೆ ಕಡೆಯ ಮರಳು ನೆಲದಲ್ಲಿ ಮಳೆಗಾಲಕ್ಕೆ ನೀರು ನೆಲಮಟ್ಟಕ್ಕೇ ಏರುವುದರಿಂದ ಇಂಗುಗುಂಡಿ ಹೀರುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ಗುಂಡಿಯನ್ನು ಆಳ ಮಾಡಿ ಪ್ರಯೋಜನವಿಲ್ಲ, ಅಗಲ ಮಾಡಿ ಮೇಲೆ ಇಡಬೇಕು.

ಬಾವಿಗೆ ಕೊಳಚೆ ಸೇರಿದ ಸಂಶಯವಿದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

1,000 ಲೀಟರಿಗೆ ಎರಡೂವರೆ ಗ್ರಾಂ. ಅಂದಾಜಿಗೆ ಹಿಡಿ ಹಿಡಿ ಸುರಿಯಬೇಡಿ. ಬಾವಿಯ ಅಡ್ಡಳತೆ ಎರಡೂವರೆ ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಒಳಗಿರುವುದು ಸುಮಾರು 19,600 ಲೀಟರ್, ಅಂದರೆ 50 ಗ್ರಾಂ ಸಾಕು. ಕೋಲಿನಲ್ಲಿ ಅಳೆದಿದ್ದರೆ ಒಂದು ಕೋಲಿಗೆ ಮುಕ್ಕಾಲು ಮೀಟರ್ ಎಂದು ಹಿಡಿಯಿರಿ. ಪೌಡರನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಇಳಿಸಿ, ಕೊಡಪಾನದಿಂದ ನಾಲ್ಕು ಸಲ ಎತ್ತಿ ಬಿಟ್ಟು ಕಲಕಿ, ಒಂದು ಗಂಟೆ ಕಾಯಿರಿ. ಆಗಲೂ ತುಸು ಕ್ಲೋರಿನ್ ವಾಸನೆ ಉಳಿದಿರಬೇಕು, ಏನೂ ಇಲ್ಲದಿದ್ದರೆ ಕೊಳೆ ಹೆಚ್ಚಿದೆ ಎಂದರ್ಥ. ತೆರೆದಿಟ್ಟ ಹಳೆಯ ಪೌಡರ್ ಸತ್ವ ಕಳೆದುಕೊಂಡಿರುತ್ತದೆ.

ಇದು ತಾತ್ಕಾಲಿಕ ಉಪಾಯ. ಸೋರಿಕೆ ನಿಲ್ಲದೆ ವಾರವಾರ ಬ್ಲೀಚಿಂಗ್ ಹಾಕುತ್ತಾ ಕೂತರೆ ಬಾವಿ ಸುಧಾರಿಸುವುದಿಲ್ಲ. ನೀರನ್ನು ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕೊಟ್ಟು, ಆ ವರದಿಯನ್ನು ದೂರಿಗೆ ಲಗತ್ತಿಸಿ. ವರದಿ ಇಲ್ಲದ ಬಾವಿ ದೂರಿಗೆ ಕಚೇರಿಗಳಲ್ಲಿ ತೂಕ ಕಡಿಮೆ.

ರಸ್ತೆ ಅಗೆದು ಮುಚ್ಚಿದ ಜಾಗ ಮೊದಲ ಮಳೆಗೇ ಕುಸಿಯುವುದೇಕೆ?

ನಮ್ಮ ಮಣ್ಣಿನ ಗುಣ ಅದು. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿರುವಾಗ ಪಿಕಾಸಿಗೂ ಜಗ್ಗದ ಶೇಡಿ, ನೀರು ಕುಡಿದರೆ ಹಿಟ್ಟಿನಂತೆ ಕಲಸಿ ಹರಿದುಹೋಗುತ್ತದೆ. ಪೈಪಿಗಾಗಿ ತೆಗೆದ ಅದೇ ಶೇಡಿಯನ್ನು ಗುಂಡಿಗೆ ತುಂಬಿ, ಜೆಸಿಬಿಯ ಬಕೆಟಿನಿಂದ ಎರಡೇಟು ಬಡಿದು ಮೇಲೆ ಡಾಂಬರು ಎಳೆದರೆ, ಜೂನ್‌ನಲ್ಲಿ ಒಳಗಿಂದ ಮಣ್ಣು ಜಾರಿ ಡಾಂಬರು ಮಾತ್ರ ಹಪ್ಪಳದ ಹಾಗೆ ಉಳಿಯುತ್ತದೆ. ಅದರ ಮೇಲೆ ಲಾರಿ ಹತ್ತಿದಾಗ ಗುಂಡಿ.

ಸರಿಯಾದ ಕ್ರಮದಲ್ಲಿ ಪೈಪಿನಡಿ ಮರಳಿನ ಹಾಸು, ಪೈಪಿನ ಮೇಲೂ ಒಂದಡಿ ಮರಳು ಅಥವಾ ಎಂ-ಸ್ಯಾಂಡ್, ಅಲ್ಲಿಂದ ಮೇಲೆ ಜಲ್ಲಿ ಬೆರೆತ ಗಟ್ಟಿ ಮಣ್ಣನ್ನು 15ರಿಂದ 20 ಸೆಂ.ಮೀ. ಪದರಗಳಲ್ಲಿ ತುಸು ನೀರು ಚಿಮುಕಿಸಿ ಯಂತ್ರದಿಂದ ಕುಟ್ಟಬೇಕು. ಪ್ರತಿ ಪದರ ಕುಟ್ಟಿದ ಮೇಲೆಯೇ ಇನ್ನೊಂದು. ಕೆಲಸ ನಡೆಯುವಾಗ ಹತ್ತು ನಿಮಿಷ ನಿಂತು ನೋಡಿದರೂ ಸಾಕು, ಕುಟ್ಟುತ್ತಿದ್ದಾರೋ ಸುರಿಯುತ್ತಿದ್ದಾರೋ ತಿಳಿಯುತ್ತದೆ. ಅಂದ ಹಾಗೆ ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ಕಳೆದ ಮೇಲೆ ರಸ್ತೆ ಅಗೆಯಲು ಹೊರಟವರನ್ನು ತಡೆಯುವುದೇ ಕ್ಷೇಮ. ಮೇ ಕೊನೆಯಲ್ಲಿ ತೆರೆದ ಕಾಲುವೆ ನವರಾತ್ರಿಯವರೆಗೆ ಕೆಸರು ಹೊಂಡವಾಗಿಯೇ ಇರುತ್ತದೆ.

ಮನೆ ಕಟ್ಟಲು ಗುಡ್ಡೆಯನ್ನು ನೇರ ಗೋಡೆಯಂತೆ ಕಡಿದಾಗ ಬರೆ ಕುಸಿಯುವುದಕ್ಕೂ ಇದೇ ಶೇಡಿ ಕಾರಣ. ತಡೆಗೋಡೆ ಕಟ್ಟಿದರೆ ಸಾಲದು, ಹಿಂದಿನ ನೀರು ಹೊರಬರಲು ಗೋಡೆಯಲ್ಲಿ ತೂತುಗಳೂ, ಅವುಗಳ ಹಿಂದೆ ಜಲ್ಲಿಯ ಪದರವೂ, ಬರೆಯ ನೆತ್ತಿಯಲ್ಲಿ ಮಳೆನೀರನ್ನು ಬದಿಗೆ ತಿರುಗಿಸುವ ಚರಂಡಿಯೂ ಬೇಕು. ಮಣ್ಣಿಗಿಂತ ಗೋಡೆಯ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡವೇ ಗೋಡೆ ಬೀಳಿಸುವುದು.

ಕಾಂಕ್ರೀಟ್ ರಸ್ತೆ ಹಾಕುವಾಗ ಊರಿನವರು ಏನು ಗಮನಿಸಬಹುದು?

ಮೂರು ವಿಷಯ. ಲಾರಿಯಿಂದ ಕಾಂಕ್ರೀಟ್ ಇಳಿಸುವಾಗ ‘ದಪ್ಪವಾಯಿತು’ ಎಂದು ಪೈಪಿನಲ್ಲಿ ನೀರು ಬಿಡುತ್ತಾರೆಯೇ? ಬಿಟ್ಟರೆ ಎಂ-40 ಎಂದು ಕಾಂಕ್ರೀಟಿನ ಗಟ್ಟಿತನದ ದರ್ಜೆ ಬರೆದದ್ದು ಕಾಗದದಲ್ಲೇ ಉಳಿಯಿತು. ಎರಡನೆಯದು, ಸುಮಾರು ನಾಲ್ಕೂವರೆ ಮೀಟರಿಗೊಂದು ಅಡ್ಡಗೆರೆಯನ್ನು ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಗರಗಸದಲ್ಲಿ ಕೊಯ್ಯಬೇಕು, ಅದೂ ಹಾಕಿದ ಒಂದು ದಿನದೊಳಗೆ. ತಡವಾದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ಮೂರನೆಯದು, ಕನಿಷ್ಠ 14 ದಿನ ಒದ್ದೆ ಗೋಣಿ ಅಥವಾ ಕಟ್ಟಿ ನಿಲ್ಲಿಸಿದ ನೀರು, ಭಾರದ ವಾಹನಕ್ಕೆ 28 ದಿನ ತಡೆ.

ಇವೆಲ್ಲಕ್ಕಿಂತ ಮೊದಲಿನ ಪ್ರಶ್ನೆ: ಅಡಿಯಲ್ಲಿ ನೀರಿನ ಪೈಪು, ಒಳಚರಂಡಿ, ಕೇಬಲಿಗೆ ಖಾಲಿ ಕೊಳವೆ ಆಗಿದೆಯೇ? ಕಾಂಕ್ರೀಟ್ ಒಡೆದು ತೇಪೆ ಹಾಕಿದ ರಸ್ತೆ ಹಿಂದಿನಂತೆ ಆಗುವುದಿಲ್ಲ. ಬದಿಯ ಚರಂಡಿಗಿಂತ ರಸ್ತೆ ಎತ್ತರವಾಗಿ ಅಂಗಳಗಳು ತಗ್ಗಾಗುವುದು ಇನ್ನೊಂದು ಅನಾಹುತ. ಹಳೆಯ ರಸ್ತೆಯನ್ನು ಕೆರೆಯದೆ ಮೇಲೆ ಮೇಲೆ ಹಾಕಿದ್ದರ ಫಲ.

ಕೊಟ್ಟಾರ ಚೌಕಿ, ಪಡೀಲ್, ಪಂಪ್‌ವೆಲ್‌ನಲ್ಲಿ ನೆರೆ ಬರುವುದು ಚರಂಡಿ ಹೂಳೆತ್ತದ್ದರಿಂದಲೇ?

ಹೂಳು ಒಂದು ಕಾರಣ, ದೊಡ್ಡ ಕಾರಣ ಗದ್ದೆ ಹೋದದ್ದು. ಒಂದು ಎಕರೆ ಗದ್ದೆಗೆ ಅರ್ಧ ಅಡಿ ಹುಣಿ (ಬದು) ಇದ್ದರೆ ಅದು ತನ್ನೊಳಗೆ ಸುಮಾರು ಆರು ಲಕ್ಷ ಲೀಟರ್ ನೀರು ಹಿಡಿದಿಟ್ಟು ಮೆಲ್ಲ ಬಿಡುತ್ತಿತ್ತು. ಅದೇ ಎಕರೆಯನ್ನು ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದರೆ, ಗಂಟೆಗೆ 50 ಮಿ.ಮೀ. ಮಳೆಯಲ್ಲಿ ಬಿದ್ದ ಎರಡು ಲಕ್ಷ ಲೀಟರಿನಲ್ಲಿ ಹೆಚ್ಚಿನದ್ದು ಆ ಗಂಟೆಯಲ್ಲೇ ತೋಡಿಗೆ (ಸಣ್ಣ ಹಳ್ಳಕ್ಕೆ) ಧುಮುಕುತ್ತದೆ. ತೋಡಿನ ಅಗಲ ಹಳೆಯದ್ದೇ, ಇಲ್ಲವೇ ಅದಕ್ಕಿಂತ ಕಿರಿದು. ಜಾಗದ ಹೆಸರಿನಲ್ಲಿ ಬೈಲ್, ಗುಂಡಿ, ಕೆರೆ ಎಂದಿದ್ದರೆ ಅಲ್ಲಿ ನೀರು ನಿಲ್ಲುತ್ತಿತ್ತು ಎಂದು ಹಿರಿಯರು ಬರೆದಿಟ್ಟ ಹಾಗೆ. ಸೈಟ್ ತೆಗೆಯುವ ಮೊದಲು ಓದಿಕೊಳ್ಳಬೇಕು.

ಇನ್ನು ಸಮುದ್ರದ ಉಬ್ಬರ. ತೋಡುಗಳ ನೀರು ಫಲ್ಗುಣಿಗೋ ನೇತ್ರಾವತಿಗೋ ಸೇರಿ ಅಳಿವೆ ಬಾಗಿಲಿನಲ್ಲಿ ಕಡಲಿಗೆ ಹೋಗಬೇಕು. ಉಬ್ಬರದ ಹೊತ್ತಿಗೆ ನದಿಯೇ ಏರಿರುತ್ತದೆ, ತೋಡಿನ ನೀರಿಗೆ ಇಳಿಯಲು ಜಾಗವಿಲ್ಲ. ಜೋರು ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದ ದಿನ ಎಷ್ಟು ಹೂಳೆತ್ತಿದ್ದರೂ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಮದ್ದು ಮೇಲ್ಗಡೆಯಲ್ಲಿ ನೀರು ತಡೆದಿಡುವುದು: ಉಳಿದಿರುವ ಕೆರೆ, ಗದ್ದೆ, ದೊಡ್ಡ ಕಟ್ಟಡಗಳ ಅಂಗಳದಲ್ಲೇ ಇಂಗುವ ವ್ಯವಸ್ಥೆ. ಉಡುಪಿಯ ಕಲ್ಸಂಕದಲ್ಲೂ ಸಂಗತಿ ಬೇರೆಯಲ್ಲ.

ಹೂಳೆತ್ತುವುದಾದರೆ ಏಪ್ರಿಲ್‌ನಲ್ಲಿ ಎತ್ತಿ, ಅದನ್ನು ದಡದಲ್ಲೇ ರಾಶಿ ಹಾಕದೆ ಸಾಗಿಸಬೇಕು. ದಡದ ರಾಶಿ ಮೊದಲ ಮಳೆಗೆ ಪುನಃ ತೋಡಿಗೇ ಬೀಳುತ್ತದೆ. ಹೆದ್ದಾರಿ ಅಡಿಯ ಮೋರಿಯ ಬಾಯಿ ಬಿಟ್ಟು ಉಳಿದದ್ದೆಲ್ಲ ಎತ್ತಿದರೂ ಪ್ರಯೋಜನವಿಲ್ಲ. ಆ ಮೋರಿ ಪಾಲಿಕೆಯದ್ದಲ್ಲ, ಹೆದ್ದಾರಿ ಪ್ರಾಧಿಕಾರದ್ದು.

ಹಾಗಾದರೆ ದೂರು ಯಾರಿಗೆ ಕೊಡುವುದು? ಎಲ್ಲರೂ ‘ನಮ್ಮದಲ್ಲ’ ಅನ್ನುತ್ತಾರೆ.

ಹೆದ್ದಾರಿ 66, 75 ಮತ್ತು ಅವುಗಳ ಸರ್ವಿಸ್ ರಸ್ತೆ, ಮೋರಿಗಳಿಗೆ ಹೆದ್ದಾರಿ ಪ್ರಾಧಿಕಾರ, ಸಹಾಯವಾಣಿ 1033. ಕರೆಂಟ್, ತಂತಿಗೆ ಮೆಸ್ಕಾಂ, 1912: ಕಂಬದ ಸಂಖ್ಯೆ ಹೇಳಿದರೆ ಲೈನ್‌ಮನ್ ಹುಡುಕುವುದು ತಪ್ಪುತ್ತದೆ. ನೇತ್ರಾವತಿ ಸೇತುವೆ ದಾಟಿದರೆ ಮಂಗಳೂರು ಪಾಲಿಕೆ ಮುಗಿಯಿತು, ಉಳ್ಳಾಲ ನಗರಸಭೆಯನ್ನು ಕೇಳಬೇಕು. ಮಣಿಪಾಲ, ಮಲ್ಪೆ ಎರಡೂ ಉಡುಪಿ ನಗರಸಭೆಯೊಳಗೇ.

ರೈಲ್ವೆ ಅಂಡರ್‌ಪಾಸ್ ಅತಿ ಗೋಜಲು. ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗದ್ದು, ಪಡೀಲ್ ದಾಟಿ ಪುತ್ತೂರು ಕಡೆಗೆ ಮೈಸೂರು ವಿಭಾಗ, ತೋಕೂರಿನಿಂದಾಚೆ ಕೊಂಕಣ ರೈಲ್ವೆ. ತಪ್ಪು ವಿಭಾಗಕ್ಕೆ ಬರೆದ ಪತ್ರ ತಿಂಗಳುಗಟ್ಟಲೆ ಸುತ್ತುತ್ತದೆ.

ದೂರು ಎರಡು ಇಲಾಖೆಗೆ ಸೇರಿದ್ದಾದರೆ ಇಬ್ಬರಿಗೂ ಒಂದೇ ಪತ್ರ, ಪ್ರತಿ ಜಿಲ್ಲಾಧಿಕಾರಿಗೆ. ‘ಪ್ರತಿ’ ಎಂಬ ಸಾಲನ್ನು ಕಾಣುವಂತೆ ಬರೆಯಿರಿ. ರಾಜ್ಯ ಸರಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ದಾಖಲಾದ ದೂರಿಗೆ ಸಂಖ್ಯೆ ಸಿಗುತ್ತದೆ. ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ಇರುವ ಸಮಯದಲ್ಲಿ ಈ ಸಂಖ್ಯೆಯೇ ನಿಮ್ಮ ಕೌನ್ಸಿಲರ್ ಎಂದುಕೊಳ್ಳಿ.

ಮೀನಿನ ಕಸ, ಸೀಯಾಳದ ಚಿಪ್ಪು ಏನು ಮಾಡುವುದು?

2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳ ಮೇಲೆ ಹರಿದದ್ದನ್ನು ನೆನಪಿಡಿ. ಹಸಿ ಕಸ ಮಳೆನೀರು ಹೀರಿ ಭಾರವಾದದ್ದೇ ಜರಿಯುವುದು. ಅಂಗಳವಿದ್ದವರು 8 ಇಂಚಿನ ಪಿವಿಸಿ ಪೈಪು ನಾಲ್ಕಡಿ ಉದ್ದದ ಎರಡು ತುಂಡು ತಂದು ಒಂದಡಿ ಮಣ್ಣಿನಲ್ಲಿ ಹೂತು, ಒಂದು ತುಂಬುವವರೆಗೆ ಅದರಲ್ಲಿ, ಆಮೇಲೆ ಇನ್ನೊಂದರಲ್ಲಿ ಹಾಕಿ. ಮೀನಿನ ಕಸಕ್ಕೆ ಮೇಲಿಂದ ಒಂದು ಹಿಡಿ ತೆಂಗಿನ ನಾರಿನ ಪುಡಿ, ವಾಸನೆಯೂ ಹುಳವೂ ಕಡಿಮೆ. ಮಳೆಗಾಲದಲ್ಲಿ ಮುಚ್ಚಳ ಮರೆಯಬೇಡಿ. ಸೀಯಾಳದ ಚಿಪ್ಪನ್ನು ಸೀಳಿ ಕವುಚಿ ಇಡಿ, ಒಳಗೆ ನೀರು ನಿಂತರೆ ವಾರದೊಳಗೆ ಸೊಳ್ಳೆ ಮರಿ ಬೆಳೆಯುತ್ತದೆ.

ನಮ್ಮ ಊರಿಗೆ ನರ್ಮ್ ಬಸ್ (ಸರಕಾರಿ ಸಿಟಿ ಬಸ್) ಬೇಕು. ಪಾಲಿಕೆಗೆ ಅರ್ಜಿ ಕೊಟ್ಟರೆ ಆದೀತೇ?

ಇಲ್ಲ. ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಇಲ್ಲಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು, ಹಾಗಾಗಿ 2023ರ ಶಕ್ತಿ ಯೋಜನೆಯ ಉಚಿತ ಪ್ರಯಾಣ ಬೇರೆ ಜಿಲ್ಲೆಗಳಷ್ಟು ಇಲ್ಲಿನ ಹೆಂಗಸರಿಗೆ ದಕ್ಕಿಲ್ಲ. ಅರ್ಜಿಯಲ್ಲಿ ಸಮಯ, ನಿಲ್ದಾಣ, ಶಾಲೆ ಮಕ್ಕಳ ಸಂಖ್ಯೆ ಬರೆಯಿರಿ. ‘ಬಸ್ ಕೊಡಿ’ ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಬರುತ್ತದೆ.

ಮನೆ ತೆರಿಗೆ ಯಾವಾಗ ಕಟ್ಟಿದರೆ ಲಾಭ?

ಏಪ್ರಿಲ್‌ನಲ್ಲಿ ನೂರಕ್ಕೆ 5 ರಿಯಾಯಿತಿ. ಜೂನ್ ಕೊನೆಯವರೆಗೆ ದಂಡವಿಲ್ಲ, ಆಮೇಲೆ ತಿಂಗಳಿಗೆ ನೂರಕ್ಕೆ 2. ಇ-ಖಾತೆ ಮಾಡಿಸುವವರ ಅರ್ಜಿ ನಿಲ್ಲುವುದು ಹೆಚ್ಚಾಗಿ ಕ್ರಯಪತ್ರದ ಹೆಸರಿಗೂ ಆಧಾರ್‌ನ ಹೆಸರಿಗೂ ತಾಳೆಯಾಗದೆ. ಅದನ್ನು ಮೊದಲು ಸರಿಪಡಿಸಿಕೊಳ್ಳಿ.

ಅರ್ಜಿ ಕೊಟ್ಟು ತಿಂಗಳಾಯಿತು, ಉತ್ತರವಿಲ್ಲ. ಮುಂದೇನು?

ಸಕಾಲದಡಿ ಬರುವ ಸೇವೆಯಾದರೆ ಕೊಟ್ಟ ದಿನವೇ 15 ಅಂಕಿಯ ಸಂಖ್ಯೆ ಪಡೆಯಿರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವಿದೆ. ಮೊತ್ತ ಸಣ್ಣದು, ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುವುದರಿಂದ ಕಡತಕ್ಕೆ ಕಾಲು ಬರುತ್ತದೆ.

ರಸ್ತೆ, ಚರಂಡಿಯಂಥ ಕಾಮಗಾರಿಗೆ ಮಾಹಿತಿ ಹಕ್ಕು ಒಳ್ಳೆಯ ದಾರಿ. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ: ಕರ್ನಾಟಕದ ನಿಯಮ ಹೀಗಿದೆ, ಮೀರಿದರೆ ಅದೇ ನೆಪದಲ್ಲಿ ಹಿಂದಕ್ಕೆ ಬರುತ್ತದೆ. ‘ರಸ್ತೆ ಯಾಕೆ ಕೆಟ್ಟಿದೆ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ, ಅಭಿಪ್ರಾಯ. ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಮತ್ತು ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಎಂದಿಗೆ ಮುಗಿಯುತ್ತದೆ ಎಂದು ಕೇಳಿ. ಪುಟಕ್ಕೆ 2 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಹೊಣೆಗಾರಿಕೆಯ ಅವಧಿ ಇನ್ನೂ ಇದ್ದರೆ ಗುಂಡಿಯ ಫೋಟೊ, ತಾರೀಕು ಮತ್ತು ಕಾರ್ಯಾದೇಶದ ಸಂಖ್ಯೆ ಸೇರಿಸಿ ಕಾರ್ಯಪಾಲಕ ಎಂಜಿನಿಯರಿಗೆ ಬರೆಯಿರಿ. ದುರಸ್ತಿ ಆಗ ಗುತ್ತಿಗೆದಾರರ ಖರ್ಚಿನಲ್ಲಿ, ಅವಧಿ ದಾಟಿದ ಮರುದಿನ ನಿಮ್ಮ ತೆರಿಗೆಯಲ್ಲಿ.